‘ಫಾರ್ ಗಾಡ್ಸ್ ಸೇಕ್’ನಲ್ಲಿ ‘ಸೇಕ್’ ಅಂದ್ರೆ ಏನು? ಇಂಗ್ಲಿಷ್ ಬಚ್ಚಿಟ್ಟುಕೊಂಡ ಷಷ್ಠಿ ವಿಭಕ್ತಿಯ ಕತೆ

ಇವತ್ತಿನ ಎಪಿಸೋಡ್‌ನ ಒಂದು ಪ್ರಶ್ನೆಯಿಂದ ಶುರು ಮಾಡೋಣ. ‘ಫಾರ್ ಗಾಡ್ಸ್ ಸೇಕ್’ ಅನ್ನೋ ಮಾತನ್ನ ಸಿನಿಮಾದಲ್ಲಿ, ವೆಬ್ ಸೀರೀಸ್‌ನಲ್ಲಿ ಲೆಕ್ಕವಿಲ್ಲದಷ್ಟು ಸಲ ಕೇಳಿರ್ತೀರಿ. ‘ಫಾರ್’ ಗೊತ್ತು, ‘ಗಾಡ್’ ಗೊತ್ತು. ಈ ‘ಸೇಕ್’ ಅಂದ್ರೆ ಏನು? ಅದನ್ನ ಒಂಟಿಯಾಗಿ ಬಳಸಿ ಒಂದು ವಾಕ್ಯ ಮಾಡಿ ನೋಡೋಣ. ಕಷ್ಟ, ಅಲ್ವಾ?

ಇನ್ನೊಂದು ತಗೊಳ್ಳಿ. ‘ಆನ್ ಮೈ ಬಿಹಾಫ್’. ನನ್ನ ಪರವಾಗಿ ಅಂತ ಅರ್ಥ. ಆದರೆ ‘ಬಿಹಾಫ್’ ಅನ್ನೋ ವಸ್ತು ಎಲ್ಲಿದೆ? ಮೂರನೇದು, ‘ಇನ್ ಹಿಸ್ ಸ್ಟೆಡ್’, ಅವನ ಬದಲಿಗೆ. ಈ ‘ಸ್ಟೆಡ್’ ಏನು?

ಮೂರರ ಆಕಾರವನ್ನೂ ಗಮನಿಸಿ. ಮೊದಲು ಒಂದು ಪ್ರಿಪೊಸಿಷನ್: ಫಾರ್, ಆನ್, ಇನ್. ನಡುವೆ ‘ಯಾರ’ ಅನ್ನೋದಕ್ಕೆ ಉತ್ತರ: ದೇವರ, ನನ್ನ, ಅವನ. ಕೊನೆಗೆ ಒಂಟಿಯಾಗಿ ಎಲ್ಲೂ ಓಡಾಡದ ಒಂದು ಹಳೇ ಪದ. ನಾನು ಇವತ್ತು ಹೇಳೋಕೆ ಹೊರಟಿರೋದು ಈ ಆಕಾರದ ಇತಿಹಾಸ. ಇಂಗ್ಲಿಷ್ ತನ್ನ ವಿಭಕ್ತಿಗಳನ್ನ ಹೆಚ್ಚುಕಡಿಮೆ ಎಲ್ಲವನ್ನೂ ಕಳಕೊಂಡ ಭಾಷೆ. ಉಳಿದ ಒಂದೇ ಒಂದು ವಿಭಕ್ತಿ, ನಮ್ಮ ಷಷ್ಠಿ ಇದ್ದ ಹಾಗೆ ಇರೋ ಆ ಪುಟ್ಟ ‘ಸ್’, ಪ್ರಿಪೊಸಿಷನ್‌ಗಳ ಮಗ್ಗುಲಲ್ಲಿ ವಿಚಿತ್ರ ವಿಚಿತ್ರ ರೂಪದಲ್ಲಿ ಬದುಕಿದೆ. ಕನ್ನಡ ಬಲ್ಲವರಿಗೆ ಈ ಕತೆ ಅಪರಿಚಿತ ಅಲ್ಲವೇ ಅಲ್ಲ.

ಮೊದಲು ನಮ್ಮ ಮನೆ ನೋಡೋಣ

ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ರಾಮನು, ರಾಮನನ್ನು, ರಾಮನಿಂದ, ರಾಮನಿಗೆ, ರಾಮನ ದೆಸೆಯಿಂದ, ರಾಮನ, ರಾಮನಲ್ಲಿ. 13ನೇ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ವಿಭಕ್ತಿಗಳ ಬಗ್ಗೆ ಬರೆದಿದ್ದಾನೆ.

ಈ ಪಟ್ಟಿಯಲ್ಲಿ ಒಂದು ಮಾತ್ರ ಉಳಿದವರ ಹಾಗಿಲ್ಲ. ಐದನೇದು, ಪಂಚಮಿ. ‘ರಾಮನ ದೆಸೆಯಿಂದ’. ಉಳಿದವೆಲ್ಲ ಪುಟ್ಟ ಬಾಲಗಳು. ಇದೊಂದು ಮಾತ್ರ ಎರಡು ಪದ. ಮೊದಲು ‘ರಾಮನ’ ಅನ್ನೋ ಷಷ್ಠಿ, ಆಮೇಲೆ ‘ದೆಸೆ’ ಅನ್ನೋ ನಾಮಪದ. ದೆಸೆ ಅಂದರೆ ದಿಕ್ಕು, ಕಡೆ. ರಾಮನ ಕಡೆಯಿಂದ. ಅಂದರೆ ನಾವು ಬಾಯಿಪಾಠ ಮಾಡಿದ ವಿಭಕ್ತಿ ಪಟ್ಟಿಯೊಳಗೇ ‘ಆನ್ ಮೈ ಬಿಹಾಫ್’ ಮಾದರಿಯ ಒಂದು ನುಡಿಗಟ್ಟು ಕೂತಿತ್ತು!

ಇದೊಂದೇ ಅಲ್ಲ. ಮರದ ಕೆಳಗೆ, ಗುರುವಿನ ಮುಂದೆ, ನನ್ನ ಮೇಲೆ, ಅವಳ ಬದಲಿಗೆ, ನಿಮ್ಮ ಸಲುವಾಗಿ. ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ಮುಂದೆ ಬರುತ್ತೆ, ನಮ್ಮಲ್ಲಿ ಅದೇ ಕೆಲಸ ಮಾಡೋ ಪದ ಹಿಂದೆ ಬರುತ್ತೆ. ಅದರ ಹಿಂದಿನ ಪದಕ್ಕೆ ನಾವು ಷಷ್ಠಿ ಹಾಕ್ತೀವಿ: ಮರದ, ಗುರುವಿನ, ನನ್ನ, ಅವಳ. ಯಾಕೆ? ಮುಂದು, ಹಿಂದು, ಮೇಲು ಇವೆಲ್ಲ ಒಂದು ಕಾಲಕ್ಕೆ ಜಾಗವನ್ನ ಹೇಳೋ ನಾಮಪದಗಳೇ. ‘ಗುರುವಿನ ಮುಂದೆ’ ಅಂದರೆ ಗುರುವಿನ ಮುಂಭಾಗದಲ್ಲಿ. ಯಾರ ಮುಂಭಾಗ? ಗುರುವಿನ. ಹಾಗಾಗಿ ಷಷ್ಠಿ.

ಇದನ್ನ ಮನಸ್ಸಲ್ಲಿ ಇಟ್ಟುಕೊಂಡು ಈಗ ಇಂಗ್ಲೆಂಡಿಗೆ ಹೋಗೋಣ.

ಇಂಗ್ಲಿಷಿಗೂ ವಿಭಕ್ತಿ ಇದ್ದ ಕಾಲ

ಸಾವಿರ ವರ್ಷದ ಹಿಂದಿನ ಇಂಗ್ಲಿಷನ್ನ ಇವತ್ತಿನ ಲಂಡನ್‌ನವರ ಮುಂದೆ ಓದಿದ್ರೆ ಅವರಿಗೂ ಅರ್ಥ ಆಗಲ್ಲ. ಆ ಭಾಷೆಯಲ್ಲಿ ನಾಮಪದಗಳಿಗೆ ವಿಭಕ್ತಿಯ ಬಾಲಗಳಿದ್ದವು. ರಾಜನಿಗೆ ‘ಕ್ಯುನಿಂಗ್’ ಅಂತಿದ್ದರು. ರಾಜನ ಅನ್ನೋಕೆ ‘ಕ್ಯುನಿಂಗೆಸ್’. ಆ ‘ಎಸ್’ ಅನ್ನೋ ಬಾಲವೇ ಇವತ್ತಿನ ‘ಕಿಂಗ್ಸ್’ನಲ್ಲಿ ನಾವು ಅಪಾಸ್ಟ್ರಫಿ ಹಾಕಿ ಬರೆಯೋ ‘ಸ್’.

ಆದರೆ ಎಲ್ಲ ಪದಕ್ಕೂ ಅದೇ ಬಾಲ ಇರಲಿಲ್ಲ. ಸ್ತ್ರೀಲಿಂಗಕ್ಕೆ ಬೇರೆ, ಬಹುವಚನಕ್ಕೆ ಬೇರೆ. ನಮ್ಮಲ್ಲಿ ರಾಮನ, ಸೀತೆಯ, ಮರದ, ಗುರುವಿನ ಅಂತ ಬೇರೆ ಬೇರೆ ಆಗುತ್ತಲ್ಲ, ಹಾಗೆ.

ಆ ಕಾಲದ ‘ಆಫ್’ ಪದದ ಅರ್ಥ ಇವತ್ತಿನದ್ದಲ್ಲ. ಅದು ‘ಇಂದ’ ಅನ್ನೋ ಅರ್ಥ ಕೊಡ್ತಿತ್ತು, ಯಾವುದೋ ಜಾಗದಿಂದ ಹೊರಗೆ, ದೂರಕ್ಕೆ. ಇವತ್ತು ಲೈಟ್ ಆಫ್ ಮಾಡು ಅಂತೀವಲ್ಲ, ಆ ‘ಆಫ್’ ಮತ್ತು ‘ಕಿಂಗ್ ಆಫ್ ಇಂಗ್ಲೆಂಡ್’ನ ‘ಆಫ್’ ಎರಡೂ ಮೂಲದಲ್ಲಿ ಒಂದೇ ಪದ. ಆಮೇಲೆ ಉಚ್ಚಾರಣೆಯೂ ಸ್ಪೆಲಿಂಗೂ ಬೇರೆಯಾಗಿ ಎರಡು ಪದ ಆದವು.

ಆಮೇಲೆ ಏನಾಯ್ತು? 8ನೇ ಶತಮಾನದ ಕೊನೆಯಿಂದ ವೈಕಿಂಗ್‌ಗಳು ಬಂದರು. ದಾಳಿ ಮಾಡಿದವರಲ್ಲಿ ಹಲವರು ಅಲ್ಲೇ ಉಳಿದರು, ಅಕ್ಕಪಕ್ಕ ಬದುಕಿದರು. ಅವರ ನುಡಿಗೂ ಇಂಗ್ಲಿಷಿಗೂ ಬೇರು ಒಂದೇ, ಬಾಲಗಳು ಬೇರೆ. ಬಾಲ ಗೊಂದಲ ಅನ್ನಿಸಿದಾಗ ಬಾಲವನ್ನೇ ಸವೆಸಿ ಮಾತಾಡೋದು ಸುಲಭ. ಬಾಲಗಳ ಸ್ವರಗಳೂ ಅಷ್ಟರಲ್ಲಿ ದುರ್ಬಲ ಆಗ್ತಿದ್ದವು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡ್ ಗೆದ್ದ. ಅರಮನೆ, ನ್ಯಾಯಾಲಯದ ಭಾಷೆ ಫ್ರೆಂಚ್ ಆಯ್ತು. ಫ್ರೆಂಚಿನಲ್ಲಿ ‘ರಾಜನ ಮಗ’ ಅನ್ನೋದನ್ನ ‘ಮಗ ದ ರಾಜ’ ಅನ್ನೋ ಕ್ರಮದಲ್ಲಿ ಹೇಳ್ತಾರೆ. ಅದನ್ನ ಕೇಳಿ ಕೇಳಿ ಇಂಗ್ಲಿಷಿನ ‘ಆಫ್’ಗೂ ಅದೇ ಕೆಲಸ ಹೆಚ್ಚಾಯ್ತು. 14ನೇ ಶತಮಾನದ ಹೊತ್ತಿಗೆ ‘ಆಫ್’ ಎಲ್ಲೆಡೆ ಹರಡಿತ್ತು.

ಹಾಗಾದ್ರೆ ‘ಸ್’ ಯಾಕೆ ಸಾಯಲಿಲ್ಲ? ಮನುಷ್ಯರ ಹೆಸರು, ಸರ್ವನಾಮ, ದಿನಾ ಬಾಯಲ್ಲಿ ಓಡಾಡೋ ನುಡಿಗಟ್ಟು, ಈ ಜಾಗಗಳಲ್ಲಿ ಅದು ಗಟ್ಟಿಯಾಗಿ ನಿಂತಿತು. ಇವತ್ತಿಗೂ ಇಂಗ್ಲಿಷಿನಲ್ಲಿ ಚಿಕ್ಕ ಹೆಸರಿಗೆ, ವ್ಯಕ್ತಿಗೆ ‘ಸ್’ ಸಲೀಸು. ಉದ್ದದ ಮಾತಿಗೆ, ನಿರ್ಜೀವ ವಸ್ತುವಿಗೆ ‘ಆಫ್’ ಸಲೀಸು. ‘ಆನ್ ಮೈ ಬಿಹಾಫ್’ ಅಂತಾರೆ. ಆದರೆ ‘ಆನ್ ಬಿಹಾಫ್ ಆಫ್ ಆಲ್ ದ ಸ್ಟೂಡೆಂಟ್ಸ್ ಆಫ್ ದಿಸ್ ಕಾಲೇಜ್’ ಅಂತ ಬಂದಾಗ ಉದ್ದದ ಸಾಮಾನನ್ನ ಹಿಂದಕ್ಕೆ ಹಾಕ್ತಾರೆ.

ಸೇಕ್, ಬಿಹಾಫ್, ಸ್ಟೆಡ್: ಮೂರು ಸವೆದ ನಾಣ್ಯ

ಈಗ ನಮ್ಮ ಮೂರು ಪ್ರಶ್ನೆಗೆ ಉತ್ತರ.

‘ಸೇಕ್’ನ ಹಳೇ ರೂಪ ‘ಸಕು’. ಅರ್ಥ ಏನು ಗೊತ್ತಾ? ಜಗಳ, ವ್ಯಾಜ್ಯ, ಕೋರ್ಟ್ ಕೇಸು! ಜರ್ಮನ್ ಭಾಷೆಯಲ್ಲಿ ಇದರ ಅಣ್ಣತಮ್ಮ ‘ಝಾಖೆ’ ಇವತ್ತಿಗೂ ವಿಷಯ, ಸಂಗತಿ ಅನ್ನೋ ಅರ್ಥದಲ್ಲಿ ಬದುಕಿದೆ. ‘ಯಾರದೋ ಕೇಸಿನಲ್ಲಿ, ಯಾರದೋ ವಿಷಯಕ್ಕಾಗಿ’ ಅನ್ನೋ ಅರ್ಥದಿಂದ ‘ಯಾರದೋ ಸಲುವಾಗಿ’ ಅನ್ನೋ ಅರ್ಥಕ್ಕೆ ಪದ ಜಾರಿತು. ಆಮೇಲೆ ಒಂಟಿ ಸೇಕ್ ಮರೆತೇ ಹೋಯ್ತು. ‘ಫಾರ್ ಮೈ ಸೇಕ್’ ಅನ್ನೋ ಡಬ್ಬಿಯೊಳಗೆ ಮಾತ್ರ ಉಳಿಯಿತು.

‘ಬಿಹಾಫ್’ನಲ್ಲಿ ಇರೋದು ‘ಹಾಫ್’, ಅರ್ಧ. ಹಳೇ ಇಂಗ್ಲಿಷಿನಲ್ಲಿ ಆ ಪದಕ್ಕೆ ಅರ್ಧ ಅನ್ನೋದರ ಜತೆ ‘ಪಕ್ಕ, ಕಡೆ’ ಅನ್ನೋ ಅರ್ಥವೂ ಇತ್ತು. ‘ಬಿ’ ಅಂದರೆ ‘ಬೈ’, ಹತ್ತಿರ. ‘ಅವನ ಪಕ್ಕದಲ್ಲಿ’, ‘ಅವನ ಕಡೆಗೆ’ ಅನ್ನೋ ಎರಡು ನುಡಿಗಟ್ಟು ಬೆರೆತು ‘ಆನ್ ಹಿಸ್ ಬಿಹಾಫ್’ ಆಯ್ತು. ಈಗ ‘ರಾಮನ ದೆಸೆಯಿಂದ’ ಇನ್ನೊಮ್ಮೆ ಹೇಳಿ ನೋಡಿ. ನಮ್ಮ ಅಜ್ಜಂದಿರು ‘ನನ್ನ ಕಡೆಯಿಂದ’ ಅನ್ನೋದೂ ಅದೇ. ಎರಡು ಭಾಷೆ, ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಕುಟುಂಬ, ಒಂದೇ ಯೋಚನೆ: ಒಬ್ಬರ ಪರ ನಿಲ್ಲೋದು ಅಂದರೆ ಅವರ ಪಕ್ಕದಲ್ಲಿ ನಿಲ್ಲೋದು.

‘ಸ್ಟೆಡ್’ ಅಂದರೆ ಜಾಗ. ಲಂಡನ್‌ನ ‘ಹ್ಯಾಂಪ್‌ಸ್ಟೆಡ್’ ಅನ್ನೋ ಊರಿನ ಹೆಸರಲ್ಲಿ, ‘ಹೋಮ್‌ಸ್ಟೆಡ್’ ಪದದಲ್ಲಿ ಅದು ಕಾಣುತ್ತೆ. ಇನ್ ಹಿಸ್ ಸ್ಟೆಡ್, ಅವನ ಜಾಗದಲ್ಲಿ. ನಾವು ದಿನಾ ಬಳಸೋ ‘ಇನ್‌ಸ್ಟೆಡ್ ಆಫ್’ ಇದೇ ಪದ. ಎರಡು ಪದ ಅಂಟಿಕೊಂಡು ಒಂದಾಗಿದೆ ಅಷ್ಟೆ.

ಬೋನಸ್ ಆಗಿ ಇನ್ನೊಂದು. ‘ಇನ್ ಫ್ರಂಟ್ ಆಫ್ ದ ಹೌಸ್’. ಫ್ರೆಂಚಿನಿಂದ ಬಂದ ‘ಫ್ರಂಟ್’ನ ಮೂಲ ಅರ್ಥ ಹಣೆ. ಅಂದರೆ ಮನೆಯ ಹಣೆಯಲ್ಲಿ! ನಮ್ಮ ‘ಮನೆಯ ಮುಂದೆ’ಗೆ ಸರಿಜೋಡಿ.

ಒಂದು ‘ಹಿಸ್’ ಮಾಡಿದ ಗಲಾಟೆ

ಬಾಲ ಉಳೀತು, ಆದರೆ ಅದು ಎಲ್ಲಿಂದ ಬಂತು ಅನ್ನೋದು ಇಂಗ್ಲಿಷಿನವರಿಗೇ ಮರೆತುಹೋಯ್ತು. ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾಗೋ ಭಾಗ ಇದು.

‘ಕ್ಯುನಿಂಗೆಸ್’ನ ಬಾಲ ಕೇಳೋಕೆ ‘ಇಸ್’ ಅಂತ ಕೇಳಿಸ್ತಿತ್ತು. ‘ಹಿಸ್’ ಅನ್ನೋ ಪದವನ್ನ ಬೇಗ ಹೇಳಿದಾಗ ಹಕಾರ ಬಿದ್ದು ಅದೂ ‘ಇಸ್’ ಆಗುತ್ತೆ. ಜನ ಅಂದುಕೊಂಡರು, ಓಹೋ, ಇದು ‘ಕಿಂಗ್ ಹಿಸ್’, ರಾಜ ಅವನ! ಹಾಗೇ ಬರೆಯೋಕೂ ಶುರು ಮಾಡಿದರು. 1605ರಲ್ಲಿ ಅಚ್ಚಾದ ಬೆನ್ ಜಾನ್ಸನ್ನನ ನಾಟಕದ ಹೆಸರು ‘ಸಿಜೇನಸ್ ಹಿಸ್ ಫಾಲ್’, ಸಿಜೇನಸ್‌ನ ಪತನ. 1662ರ ಇಂಗ್ಲೆಂಡಿನ ಚರ್ಚಿನ ಪ್ರಾರ್ಥನಾ ಪುಸ್ತಕದಲ್ಲಿ ‘ಕ್ರೈಸ್ಟ್ಸ್ ಸೇಕ್’ ಇರಬೇಕಾದ ಒಂದು ಕಡೆ ‘ಕ್ರೈಸ್ಟ್ ಹಿಸ್ ಸೇಕ್’ ಅನ್ನೋ ರೂಪ ಇದೆ. ನೋಡಿ, ನಮ್ಮ ಸೇಕ್ ಮತ್ತೆ ಬಂತು.

1711ರಲ್ಲಿ ಜೋಸೆಫ್ ಅಡಿಸನ್ ತನ್ನ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಈ ‘ಸ್’ ಅಂದರೆ ಹಿಸ್, ಹರ್ ಎರಡರ ಬದಲಿಗೂ ನಿಂತಿರೋದು ಅನ್ನೋ ಮಾತು ಬರೆದ. ಆ ಕಾಲದ ದೊಡ್ಡ ಬರಹಗಾರ ಅವನು. ಆದರೆ ಒಂದು ಸಿಂಪಲ್ ಪ್ರಶ್ನೆ ಕೇಳಿ: ‘ಕ್ವೀನ್ಸ್ ಕ್ರೌನ್’ ಅನ್ನೋದು ‘ಕ್ವೀನ್ ಹಿಸ್ ಕ್ರೌನ್’ ಹೇಗಾಗುತ್ತೆ? ರಾಣಿ ‘ಅವನು’ ಅಲ್ಲವಲ್ಲ? 1755ರಲ್ಲಿ ಬಂದ ನಿಘಂಟಿನ ಜತೆಗಿನ ವ್ಯಾಕರಣದಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಈ ರೀತಿಯ ತರ್ಕದಿಂದಲೇ ‘ಹಿಸ್’ ಕತೆಯನ್ನ ತಳ್ಳಿಹಾಕಿದ. ಹೆಣ್ಣಿಗೂ ಅದೇ ‘ಸ್’ ಬರುತ್ತೆ ಅಂದಮೇಲೆ ಅದು ‘ಹಿಸ್’ ಆಗಿರೋಕೆ ಸಾಧ್ಯ ಇಲ್ಲ.

ಅಪಾಸ್ಟ್ರಫಿ ಅನ್ನೋ ಆ ನೇತಾಡೋ ಗುರುತು 16ನೇ ಶತಮಾನದಲ್ಲಿ ಫ್ರೆಂಚಿನ ದಾರಿಯಲ್ಲಿ ಬಂದದ್ದು. ಅದರ ಕೆಲಸ ‘ಇಲ್ಲಿ ಒಂದು ಅಕ್ಷರ ಬಿದ್ದಿದೆ’ ಅಂತ ತೋರಿಸೋದು. ಏಕವಚನದ ಷಷ್ಠಿಗೆ ಅದು ನಿಧಾನಕ್ಕೆ ಖಾಯಂ ಆಯ್ತು, ಬಹುವಚನದ ಷಷ್ಠಿಗೆ ಖಾಯಂ ಆಗೋಕೆ 18ನೇ ಶತಮಾನ ಬೇಕಾಯ್ತು. ಅಂದರೆ ಇವತ್ತು ಮೀಮ್ ಮಾಡಿ ಜನರನ್ನ ಆಡಿಕೊಳ್ಳೋ ಅಪಾಸ್ಟ್ರಫಿ ನಿಯಮಕ್ಕೆ ಚಾಸರ್‌ನ ಕಾಲದ ಇಂಗ್ಲಿಷಿನಲ್ಲಿ ಜಾಗವೇ ಇರಲಿಲ್ಲ.

‘ಫಾರ್ ಗುಡ್‌ನೆಸ್ ಸೇಕ್’ ಅನ್ನೋ ಮಾತಲ್ಲಿ ಅಪಾಸ್ಟ್ರಫಿ ಮಾತ್ರ ಬರೆದು ಎಸ್ ಬಿಡ್ತಾರೆ. ಗುಡ್‌ನೆಸ್ ಮುಗಿಯೋದು ಸ್‌ನಿಂದ, ಸೇಕ್ ಶುರುವಾಗೋದೂ ಸ್‌ನಿಂದ. ನಡುವೆ ಇನ್ನೊಂದು ಸ್ ತುರುಕಿದ್ರೆ ಬಾಯಿಗೆ ಕಷ್ಟ. ಬಾಯಿ ಕೈಬಿಟ್ಟದ್ದನ್ನ ಬರವಣಿಗೆ ಒಪ್ಪಿಕೊಂಡಿತು.

ಎ ಫ್ರೆಂಡ್ ಆಫ್ ಮೈನ್: ಡಬಲ್ ಬಾಲ

ಈಗ ಎಲ್ಲರನ್ನೂ ಕಾಡೋ ನುಡಿಗಟ್ಟು. ‘ಆಫ್’ ಇದ್ದಮೇಲೆ ಷಷ್ಠಿ ಬಂದಂತೆಯೇ ಆಯ್ತಲ್ಲ? ಮತ್ತೆ ‘ಮೈನ್’ ಯಾಕೆ? ‘ಎ ಫ್ರೆಂಡ್ ಆಫ್ ಮೀ’ ಯಾಕಲ್ಲ? ‘ಎ ಫ್ರೆಂಡ್ ಆಫ್ ರಾಜುಸ್’ ಅಂತ ಆಫ್ ಕೂಡ ಹಾಕಿ, ಸ್ ಕೂಡ ಹಾಕೋದು ಯಾಕೆ?

ಕನ್ನಡದಲ್ಲಿ ನಾವು ‘ನನ್ನ ಒಬ್ಬ ಫ್ರೆಂಡ್’ ಅಂತೀವಿ. ‘ನನ್ನ’ ಮತ್ತು ‘ಒಬ್ಬ’ ಜಗಳ ಆಡದೆ ಪಕ್ಕಪಕ್ಕ ಕೂರ್ತಾರೆ. ಅದಕ್ಕೇ ಇಂಗ್ಲಿಷ್ ಮಾತಾಡುವಾಗ ‘ಮೈ ಒನ್ ಫ್ರೆಂಡ್’ ಅಂತ ಬಾಯಿಗೆ ಬರುತ್ತೆ. ಇವತ್ತಿನ ಇಂಗ್ಲಿಷಿನಲ್ಲಿ ನಾಮಪದದ ಮುಂದೆ ಇರೋದು ಒಂದೇ ಸೀಟು. ‘ಎ’ ಕೂತರೆ ‘ಮೈ’ ಕೂರೋ ಹಾಗಿಲ್ಲ. ‘ದಿಸ್’ ಕೂತರೂ ‘ಮೈ’ಗೆ ಜಾಗ ಇಲ್ಲ. ಹಿಂದೆ ಇಷ್ಟು ಕಟ್ಟುನಿಟ್ಟು ಇರಲಿಲ್ಲ, ‘ದಿಸ್ ಮೈ ಸನ್’ ಅಂತಲೂ ಹೇಳ್ತಿದ್ದರು. ಸೀಟು ಒಂದೇ ಅಂತ ಆದಮೇಲೆ ‘ಮೈ’ಗೆ ಹಿಂದಿನ ಬಾಗಿಲು ಬೇಕಾಯ್ತು. ‘ಆಫ್’ ಅದಕ್ಕೆ ಬಾಗಿಲು ತೆರೀತು. 14ನೇ ಶತಮಾನದಿಂದಲೂ ಈ ರೂಪ ಸಿಗುತ್ತೆ.

1762ರಲ್ಲಿ ರಾಬರ್ಟ್ ಲೌತ್ ಒಂದು ವ್ಯಾಕರಣ ಪುಸ್ತಕ ಬರೆದ. ಮುಂದೆ ಲಂಡನ್‌ನ ಬಿಷಪ್ ಆದವನು ಇವನು. ಇಲ್ಲಿ ನಿಜವಾಗಿ ಎರಡು ಷಷ್ಠಿ ಇವೆ, ‘ರಾಜನ ಸೈನಿಕರಲ್ಲಿ ಒಬ್ಬ’ ಅನ್ನೋ ಅರ್ಥ ಬರೋದರಿಂದ ಹೀಗಾಗಿದೆ ಅನ್ನೋದು ಅವನ ವಿವರಣೆ. ಫ್ರೆಂಡ್ ವಿಷಯಕ್ಕೆ ಇದು ಸರಿಹೋಗುತ್ತೆ: ನನ್ನ ಫ್ರೆಂಡ್‌ಗಳಲ್ಲಿ ಒಬ್ಬ. ಆದರೆ ‘ದ್ಯಾಟ್ ನೋಸ್ ಆಫ್ ಹಿಸ್’ ಅಂತ ಹೇಳಿ ನೋಡಿ. ಆ ಅವನ ಮೂಗು. ಅವನ ಮೂಗುಗಳಲ್ಲಿ ಒಂದು ಅಂತ ಅರ್ಥವೇ? ಇರೋದೇ ಒಂದು ಮೂಗು! ಲೌತ್‌ನ ವಿವರಣೆ ಮೂಗಿನ ಹತ್ತಿರ ಬಂದು ನಿಲ್ಲುತ್ತೆ. ಸೀಟಿನ ಲೆಕ್ಕ ಮಾತ್ರ ಎರಡು ಕಡೆಯೂ ಕೆಲಸ ಮಾಡುತ್ತೆ. ‘ದ್ಯಾಟ್’ ಸೀಟು ಹಿಡಿದಿದೆ, ‘ಹಿಸ್’ ಹಿಂದಿನ ಬಾಗಿಲಿಂದ ಹತ್ತಿದೆ.

ಇದು ಬರೀ ಅಲಂಕಾರವೂ ಅಲ್ಲ. ‘ಎ ಫೋಟೋ ಆಫ್ ಮೈ ಗ್ರ್ಯಾಂಡ್‌ಫಾದರ್’ ಅಂದರೆ ಫೋಟೋದಲ್ಲಿ ತಾತ ಇದ್ದಾರೆ. ‘ಎ ಫೋಟೋ ಆಫ್ ಮೈ ಗ್ರ್ಯಾಂಡ್‌ಫಾದರ್ಸ್’ ಅಂದರೆ ಅದು ತಾತನಿಗೆ ಸೇರಿದ ಅಥವಾ ತಾತ ತೆಗೆದ ಫೋಟೋ, ಅದರಲ್ಲಿ ಹಸು ಇರಬಹುದು, ಹಂಪಿ ಇರಬಹುದು. ಒಂದು ವಿಲ್‌ನಲ್ಲಿ ‘ತಾತನ ಫೋಟೋ ಮೊಮ್ಮಗಳಿಗೆ’ ಅಂತ ಕನ್ನಡದಲ್ಲಿ ಬರೆದರೆ ಯಾವುದು ಅನ್ನೋ ಪ್ರಶ್ನೆ ಏಳುತ್ತೆ. ಇಂಗ್ಲಿಷಿನಲ್ಲಿ ಆ ಒಂದು ಸ್ ಎರಡನ್ನ ಬೇರೆ ಮಾಡುತ್ತೆ.

ಬಾಲ ಊರು ಬಿಟ್ಟು ಊರು ಹೋದದ್ದು

ಇನ್ನೊಂದು ವಿಚಿತ್ರ ನೋಡಿ. ಚಾಸರ್‌ನ ಕತೆಯೊಂದರ ಹೆಸರು ಇವತ್ತು ‘ದ ವೈಫ್ ಆಫ್ ಬಾತ್ಸ್ ಟೇಲ್’, ಬಾತ್ ಊರಿನ ಹೆಂಗಸಿನ ಕತೆ. ‘ಸ್’ ಅಂಟಿರೋದು ಊರಿಗೆ. ಆದರೆ ಕತೆ ಊರಿನದ್ದಲ್ಲ, ಹೆಂಗಸಿನದ್ದು. ಆ ಕಾಲದವರು ಇದನ್ನ ಬೇರೆ ಥರ ಹೇಳ್ತಿದ್ದರು: ‘ವೈಫ್ಸ್ ಟೇಲ್ ಆಫ್ ಬಾತ್’ ಅನ್ನೋ ಕ್ರಮದಲ್ಲಿ. ಬಾಲ ಸರಿಯಾಗಿ ಹೆಂಗಸಿಗೇ ಅಂಟಿರ್ತಿತ್ತು. ಮುಂದೆ ‘ವೈಫ್ ಆಫ್ ಬಾತ್’ ಅನ್ನೋದನ್ನ ಒಂದೇ ಮೂಟೆ ಥರ ಕಟ್ಟಿ, ಮೂಟೆಯ ತುದಿಗೆ ಸ್ ಅಂಟಿಸಿದರು. ‘ಕಿಂಗ್ ಆಫ್ ಇಂಗ್ಲೆಂಡ್ಸ್ ಡಾಟರ್’ ಕೂಡ ಹಾಗೇ. ಪ್ರಿಪೊಸಿಷನ್ ಇರೋ ಇಡೀ ಮಾತಿನ ಕೊನೆಗೆ ಷಷ್ಠಿ.

ನಮಗೆ ಈ ತಾಪತ್ರಯ ಇಲ್ಲ. ‘ಇಂಗ್ಲೆಂಡಿನ ರಾಜನ ಮಗಳು’ ಅಂದಾಗ ಮುಖ್ಯ ಪದ ‘ರಾಜ’ ಕೊನೆಗೇ ಬರೋದರಿಂದ ಬಾಲ ಸರಿಯಾದ ಜಾಗದಲ್ಲೇ ಕೂರುತ್ತೆ. ಆದರೆ ನ್ಯೂಸ್ ಹೆಡ್‌ಲೈನ್‌ಗಳನ್ನ ಗಮನಿಸಿ. ‘ರಾಮನ ಮತ್ತು ಸೀತೆಯ ಮದುವೆ’ ಅಂತ ಎರಡು ಕಡೆ ಹಾಕೋ ಬದಲು ‘ರಾಮ ಮತ್ತು ಸೀತೆಯ ಮದುವೆ’ ಅಂತ ಮೂಟೆಯ ತುದಿಗೆ ಒಂದೇ ಬಾಲ ಅಂಟಿಸೋದು ನಮ್ಮಲ್ಲೂ ಸಾಮಾನ್ಯ ಆಗಿದೆ.

ಕೋಶೀಸ್‌ಗೆ ಹೋಗೋಣ್ವಾ?

ಬೆಂಗಳೂರಿನವರಿಗೆ ಸೇಂಟ್ ಮಾರ್ಕ್ಸ್ ರೋಡಿನ ಕೋಶೀಸ್ ಗೊತ್ತು. ಕೋಶಿಯವರ... ಏನು? ಹೋಟೆಲ್. ಆದರೆ ಹೋಟೆಲ್ ಅನ್ನೋ ಪದ ಬಿದ್ದುಹೋಗಿ ಷಷ್ಠಿ ಮಾತ್ರ ಉಳಿದಿದೆ. ‘ಅಟ್ ದ ಡಾಕ್ಟರ್ಸ್’, ‘ಟು ಸೇಂಟ್ ಪಾಲ್ಸ್’ ಎಲ್ಲ ಹೀಗೇ. ಪ್ರಿಪೊಸಿಷನ್ ಜಾಗವನ್ನ ಹೇಳಿಬಿಡುತ್ತೆ, ಹಾಗಾಗಿ ಕ್ಲಿನಿಕ್, ಚರ್ಚ್ ಅಂತ ಬಿಡಿಸಿ ಹೇಳೋ ಅಗತ್ಯ ಇಲ್ಲ.

1680ರ ದಶಕದಲ್ಲಿ ಲಂಡನ್‌ನಲ್ಲಿ ಎಡ್ವರ್ಡ್ ಲಾಯ್ಡ್ ಅನ್ನೋನು ಒಂದು ಕಾಫಿ ಅಂಗಡಿ ಇಟ್ಟಿದ್ದ. ಹಡಗಿನ ವ್ಯಾಪಾರಿಗಳು, ಹಡಗಿಗೆ ವಿಮೆ ಮಾಡೋರು ಅಲ್ಲಿ ಸೇರ್ತಿದ್ದರು. ‘ಲಾಯ್ಡ್ಸ್‌ನಲ್ಲಿ ಸಿಗ್ತೀನಿ’ ಅನ್ನೋ ಮಾತು ಬೆಳೆದು ಬೆಳೆದು ‘ಲಾಯ್ಡ್ಸ್ ಆಫ್ ಲಂಡನ್’ ಅನ್ನೋ ದೊಡ್ಡ ವಿಮಾ ಮಾರುಕಟ್ಟೆ ಆಯ್ತು. ಕಾಫಿ ಅಂಗಡಿ ಹೋಯ್ತು, ಷಷ್ಠಿ ಉಳೀತು! ಅದು ಇವತ್ತಿಗೂ ಅಪಾಸ್ಟ್ರಫಿ ಹಾಕಿ ಬರೆಯೋ ಹೆಸರು. ಆದರೆ ಬೇರೆ ಲಾಯ್ಡ್ ಮನೆತನದಿಂದ ಬಂದ ಲಾಯ್ಡ್ಸ್ ಬ್ಯಾಂಕ್ ಅಪಾಸ್ಟ್ರಫಿ ಹಾಕಲ್ಲ. ಹ್ಯಾರಡ್ಸ್ ಹಾಕಲ್ಲ. ವಾಟರ್‌ಸ್ಟೋನ್ಸ್ ಅನ್ನೋ ಪುಸ್ತಕದಂಗಡಿ 2012ರಲ್ಲಿ ಕೈಬಿಟ್ಟಿತು. ಅಮೆರಿಕದಲ್ಲಿ 1890ರಲ್ಲಿ ಶುರುವಾದ ಸರ್ಕಾರಿ ಸ್ಥಳನಾಮ ಮಂಡಳಿ ಊರು, ಬೆಟ್ಟ, ನದಿಗಳ ಹೆಸರಲ್ಲಿ ಈ ಗುರುತನ್ನ ಸಾಮಾನ್ಯವಾಗಿ ಒಪ್ಪೋದೇ ಇಲ್ಲ. ‘ಮಾರ್ಥಾಸ್ ವಿನ್‌ಯರ್ಡ್’ ಅನ್ನೋ ದ್ವೀಪಕ್ಕೆ 1933ರಲ್ಲಿ ಅದನ್ನ ವಾಪಸ್ ಕೊಟ್ಟದ್ದು ಬೆರಳೆಣಿಕೆಯ ವಿನಾಯಿತಿಗಳಲ್ಲಿ ಒಂದು.

ಇದರಿಂದ ನಮಗೇನು?

1835ರಲ್ಲಿ ಮೆಕಾಲೆಯ ಟಿಪ್ಪಣಿ ಬಂತು, ಇಂಗ್ಲಿಷ್ ಶಿಕ್ಷಣಕ್ಕೆ ಕಂಪನಿ ಸರ್ಕಾರದ ಬೆಂಬಲ ಸಿಕ್ಕಿತು. ಜತೆಗೆ ಇಂಗ್ಲಿಷ್ ವ್ಯಾಕರಣದ ಪುಸ್ತಕಗಳೂ ಬಂದವು. ನಮ್ಮ ಕಾಲಕ್ಕೆ ಅದು ರೆನ್ ಅಂಡ್ ಮಾರ್ಟಿನ್. ಆ ಪುಸ್ತಕಗಳಲ್ಲಿ ನಿಯಮ ಇತ್ತು, ಅದರ ಹಿಂದಿನ ಇತಿಹಾಸ ಕಡಿಮೆ ಇತ್ತು. ಹಾಗಾಗಿ ನಿಯಮ ಆಕಾಶದಿಂದ ಇಳಿದ ಹಾಗೆ ಕಾಣುತ್ತೆ. ಕನ್ನಡ ಮೀಡಿಯಂನಲ್ಲಿ ಓದಿ ಬಂದ ಎಷ್ಟೋ ಜನ ಗ್ರೂಪ್ ಡಿಸ್ಕಷನ್‌ನಲ್ಲಿ ಬಾಯಿ ತೆರೆಯೋಕೆ ಹೆದರೋದನ್ನ ನಾನು ನೋಡಿದ್ದೀನಿ. ‘ಫ್ರೆಂಡ್ ಆಫ್ ಮೀ’ ಅಂದುಬಿಟ್ಟರೆ ಪಕ್ಕದವರು ನಗ್ತಾರೆ ಅನ್ನೋ ಭಯ. ನಗೋರಿಗೆ ‘ಮೈನ್’ ಯಾಕೆ ಅಂತ ಕೇಳಿ ನೋಡಿ, ಉತ್ತರ ಇರಲ್ಲ. ಅವರಿಗೆ ಅಭ್ಯಾಸ ಇದೆ, ಅಷ್ಟೆ.

ಹಾಗಂತ ಕಲಿಯೋದು ಬೇಡ ಅಂತ ನಾನು ಹೇಳ್ತಿಲ್ಲ. ಕೆಲಸಕ್ಕೆ ಬೇಕು. ಯಾವುದೋ ಕಾಗದದ ಕೊನೆಯಲ್ಲಿ ‘ಫಾರ್ ಅಂಡ್ ಆನ್ ಬಿಹಾಫ್ ಆಫ್’ ಅಂತ ಬರೆದು ಕೆಳಗೆ ಕಂಪನಿ ಹೆಸರು ಹಾಕಿದ್ದರೆ, ನೀವು ಕಂಪನಿಯ ಪಕ್ಕದಲ್ಲಿ ನಿಂತು, ಕಂಪನಿಯ ಕೈಯಾಗಿ ಸಹಿ ಹಾಕ್ತಿದ್ದೀರಿ ಅಂತ ಅರ್ಥ. ಆ ಮಾತು ಇಲ್ಲದೆ ಬರೀ ನಿಮ್ಮ ಹೆಸರಿಗೆ ಸಹಿ ಹಾಕಿದ್ರೆ ಹೊಣೆ ನಿಮ್ಮ ತಲೆ ಮೇಲೆ ಬರೋ ಸಾಧ್ಯತೆ ಇದೆ. ಸಹಿ ಹಾಕೋ ಮುಂಚೆ ನೋಡಿ. ‘ಹಾಫ್’ ಅಂದರೆ ಪಕ್ಕ ಅನ್ನೋದು ನೆನಪಿದ್ರೆ ಇದು ಮರೆಯಲ್ಲ.

ಕೊನೆಗೆ ಒಂದು ಮಾತು. ಬರೆಯುವಾಗ ನಾವು ‘ಮನೆಯ ಮುಂದೆ’ ಅಂತ ಬರೀತೀವಿ. ಮಾತಾಡುವಾಗ? ‘ಮನೆ ಮುಂದೆ’. ಅಜ್ಜಿಯ ಮನೆ ‘ಅಜ್ಜಿ ಮನೆ’ ಆಗುತ್ತೆ. ಆ ‘ಯ’ ಎಲ್ಲಿ ಹೋಯ್ತು? ಸವೆದುಹೋಯ್ತು, ಇಂಗ್ಲಿಷಿನ ಬಾಲಗಳು ಸವೆದ ಹಾಗೇ. ಆದರೆ ‘ಮರ ಕೆಳಗೆ’ ಅಂತ ಯಾರೂ ಅನ್ನಲ್ಲ, ‘ಮರದ ಕೆಳಗೆ’ ಅಂತಲೇ ಅಂತಾರೆ. ‘ನಾನು ಮುಂದೆ ನಿಂತ’ ಅಂದರೆ ಅರ್ಥವೇ ಕೆಡುತ್ತೆ, ‘ನನ್ನ ಮುಂದೆ ನಿಂತ’ ಅಂತಲೇ ಬೇಕು. ಸರ್ವನಾಮಗಳು ಬಾಲ ಬಿಟ್ಟುಕೊಡಲ್ಲ. ಇಂಗ್ಲಿಷಿನಲ್ಲೂ ಮೈ, ಹಿಸ್, ಮೈನ್ ಬಿಟ್ಟುಕೊಡಲಿಲ್ಲ.

ಇವತ್ತು ಮನೆಯವರ ಜತೆ ಮಾತಾಡುವಾಗ ಒಂದು ಹತ್ತು ನಿಮಿಷ ಕಿವಿ ಕೊಟ್ಟು ಕೇಳಿ. ಎಲ್ಲಿ ಷಷ್ಠಿ ಬಿದ್ದಿದೆ, ಎಲ್ಲಿ ಉಳಿದಿದೆ ಅಂತ ಲೆಕ್ಕ ಹಾಕಿ. ನಿಮ್ಮ ಊರಿನ ಕಡೆ ಬೇರೆ ಥರ ಇದ್ದರೆ ನನಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.